ಜೆಝೀರೋ ಕುಳಿಯ ಆ ಕಲ್ಲನ್ನು ಅಲ್ಲೇ ಬಿಡಬೇಡಿ: ನಾಸಾಗೂ ಅಮೆರಿಕದ ಸಂಸತ್ತಿಗೂ ಒಂದು ಬಹಿರಂಗ ಪತ್ರ

ನಾಸಾ ಆಡಳಿತಾಧಿಕಾರಿಗಳಿಗೆ ಮತ್ತು ಅಮೆರಿಕದ ಕಾಂಗ್ರೆಸ್ಸಿನ ಎರಡೂ ಸದನಗಳ ಸದಸ್ಯರಿಗೆ,

ಮಾನ್ಯರೇ,

ಮಂಗಳ ಗ್ರಹದ ಮೇಲೆ ಓಡಾಡುತ್ತಿರುವ ನಿಮ್ಮ ಪರ್ಸಿವರೆನ್ಸ್ ರೋವರ್ ಒಳಗೆ ಒಂದು ಟೈಟಾನಿಯಂ ಟ್ಯೂಬ್ ಇದೆ. ಅದರಲ್ಲಿರುವುದು ಬೆರಳುದ್ದದ ಒಂದು ಕಲ್ಲಿನ ತುಂಡು. 2024ರ ಜುಲೈ 21ರಂದು ರೋವರ್ ಅದನ್ನು ಬಂಡೆಯಿಂದ ಕೊರೆದು ತೆಗೆಯಿತು. ಸಫೈರ್ ಕ್ಯಾನ್ಯನ್ ಅಂತ ನೀವೇ ಹೆಸರಿಟ್ಟಿರಿ. ಒಂದು ದಿನ ಭೂಮಿಗೆ ತರುತ್ತೇವೆ ಅಂತಲೇ ಗಾಳಿಯಾಡದ ಹಾಗೆ ಮುಚ್ಚಿ ಇಟ್ಟಿರಿ. ಈಗ ನೋಡಿದರೆ ತರುವುದಕ್ಕೆ ದುಡ್ಡೇ ಇಲ್ಲ ಅನ್ನುತ್ತಿದ್ದೀರಿ. 2026ರ ಜನವರಿಯಲ್ಲಿ ನಿಮ್ಮ ಸಂಸತ್ತು ಒಪ್ಪಿದ ಖರ್ಚಿನ ಮಸೂದೆಯಲ್ಲಿ, ಮಂಗಳದ ಮಾದರಿಗಳನ್ನು ಭೂಮಿಗೆ ತರುವ, ಈಗಿರುವ ಮಾರ್ಸ್ ಸ್ಯಾಂಪಲ್ ರಿಟರ್ನ್ ಯೋಜನೆಗೆ ಬೆಂಬಲವಿಲ್ಲ ಅಂತ ಬರೆದಾಗಿದೆ. ಮಂಗಳದ ಮುಂದಿನ ಯೋಜನೆಗಳಿಗೆ ಅಂತ 11 ಕೋಟಿ ಡಾಲರ್ ಇಟ್ಟಿದ್ದೀರಿ. ಅದರಲ್ಲಿ ಆ ಟ್ಯೂಬ್ ಮನೆಗೆ ಬರುವುದಿಲ್ಲ.

ನಾನು ಈ ಪತ್ರ ಬರೆಯುತ್ತಿರುವುದು ಒಂದೇ ಒಂದು ಮಾತು ಹೇಳಲು. ಆ ಟ್ಯೂಬನ್ನು ಅಲ್ಲಿ ಬಿಡಬೇಡಿ.

ನಾನು ನಿಮ್ಮ ದೇಶದವನಲ್ಲ. ನಿಮಗೆ ತೆರಿಗೆ ಕಟ್ಟುವವನೂ ಅಲ್ಲ. ಕರ್ನಾಟಕದ ಚಿತ್ರದುರ್ಗ ಜಿಲ್ಲೆಯಲ್ಲಿ ಭೂವಿಜ್ಞಾನ ಪಾಠ ಮಾಡುವ ಮೇಷ್ಟ್ರು. ಆದರೆ ಮಂಗಳದಲ್ಲಿ ಒಂದು ಕಾಲಕ್ಕೆ ಜೀವ ಇತ್ತಾ ಅನ್ನುವ ಪ್ರಶ್ನೆ ಯಾವುದೋ ಒಂದು ದೇಶದ ಪ್ರಶ್ನೆ ಅಲ್ಲ. ಅದಕ್ಕೆ ಉತ್ತರ ಸಿಗಬಹುದಾದ ಕಲ್ಲು ಕೈಗೆ ಸಿಕ್ಕಿರುವುದು ಮಾತ್ರ ನಿಮಗೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಮೊದಲು ಆ ಕಲ್ಲಿನ ವಿಷಯ. ನಿಮಗೆ ಗೊತ್ತಿರುವುದೇ. ಆದರೆ ಈ ಪತ್ರ ಓದುವ ನಮ್ಮ ಜನರಿಗೂ ಗೊತ್ತಾಗಲಿ.

ಜೆಝೀರೋ ಅನ್ನುವುದು ಮಂಗಳದ ಮೇಲಿನ ಸುಮಾರು 45 ಕಿಲೋಮೀಟರ್ ಅಗಲದ ಕುಳಿ. 350 ಕೋಟಿ ವರ್ಷಕ್ಕೂ ಹಿಂದೆ ಅದರಲ್ಲಿ ನೀರು ನಿಂತು ಕೆರೆಯಾಗಿತ್ತು. ಒಂದು ನದಿ ಗೋಡೆ ಒಡೆದು ಒಳಗೆ ಬಂದು, ತಂದ ಮಣ್ಣನ್ನೆಲ್ಲ ಬಾಯಲ್ಲಿ ಹರಡಿತ್ತು. ಆ ಹರಡಿದ ಮಣ್ಣಿನ ಆಕಾರ ಇವತ್ತಿಗೂ ಮೇಲಿನಿಂದ ಕಾಣುತ್ತದೆ. ನದಿ ಹರಿದ ಕಣಿವೆಯನ್ನು ನೆರೆಟ್ವಾ ವ್ಯಾಲಿಸ್ ಅಂತ ಕರೆದಿದ್ದೀರಿ. 2024ರ ಬೇಸಿಗೆ ಕಳೆದ ಮೇಲೆ ರೋವರ್ ಆ ಕಣಿವೆಯ ಅಂಚಿನಲ್ಲಿ, ಬ್ರೈಟ್ ಏಂಜೆಲ್ ಅನ್ನುವ ಜಾಗದಲ್ಲಿ, ಒಂದು ಕೆಂಪು ಬಂಡೆ ಕಂಡಿತು. ಉದ್ದ ಸುಮಾರು ಒಂದು ಮೀಟರ್, ಅಗಲ ಅದರ ಅರ್ಧಕ್ಕಿಂತ ತುಸು ಜಾಸ್ತಿ. ಚೆಯಾವಾ ಫಾಲ್ಸ್ ಅಂತ ಅದರ ಹೆಸರು.

ಬಂಡೆಯ ಉದ್ದಕ್ಕೂ ಬಿಳಿ ಗೆರೆಗಳಿವೆ. ಕ್ಯಾಲ್ಸಿಯಂ ಸಲ್ಫೇಟ್ ಕರಗಿದ ನೀರು ಬಿರುಕುಗಳಲ್ಲಿ ಹರಿದು ಬಿಟ್ಟ ಗುರುತು ಅದು. ಆ ಬಿಳಿ ಗೆರೆಗಳ ನಡುವೆ ಇರುವುದು ಕೆಂಪು ಜೇಡಿಗಲ್ಲು. ತಳದಲ್ಲಿ ನಿಧಾನವಾಗಿ ಕೂತು ಗಟ್ಟಿಯಾದ ಕೆಸರು. ಆ ಕೆಂಪಿನಲ್ಲಿ ಮಿಲಿಮೀಟರ್ ಗಾತ್ರದ ಮಚ್ಚೆಗಳು. ಪ್ರತಿ ಮಚ್ಚೆಯ ನಡು ಬಿಳುಚಿಕೊಂಡಿದೆ, ಸುತ್ತಲೂ ಕಪ್ಪು ಅಂಚು. ಚಿರತೆ ಮಚ್ಚೆ ಅಂತ ನಿಮ್ಮವರು ಕರೆದರು. ಇನ್ನೂ ಚಿಕ್ಕವು, ಬರೀ ಕಪ್ಪು ಚುಕ್ಕೆಗಳು, ಅವಕ್ಕೆ ಗಸಗಸೆ ಅಂತ ಹೆಸರು.

ರೋವರ್ ಹಗಲೂ ರಾತ್ರಿ ಆ ಬಂಡೆಯನ್ನು ನೋಡಿತು. ಕೂದಲೆಳೆಯಷ್ಟು ಸಣ್ಣ ಎಕ್ಸ್-ರೇ ಕಿರಣ ಹಾಯಿಸಿ ಚುಕ್ಕೆ ಚುಕ್ಕೆಯಲ್ಲೂ ಏನೇನಿದೆ ಅಂತ ಅಳೆಯಿತು. ಲೇಸರ್ ಬಿಟ್ಟು ಇಂಗಾಲದ ಸಂಯುಕ್ತಗಳನ್ನು ಹುಡುಕಿತು. ಅಲ್ಲಿನ ಜೇಡಿಗಲ್ಲುಗಳಲ್ಲಿ ಅವು ಸಿಕ್ಕವು. ಮಚ್ಚೆಗಳಲ್ಲಿ ಕಬ್ಬಿಣ ಮತ್ತು ರಂಜಕ ಸೇರಿದ ವಿವಿಯನೈಟ್, ಕಬ್ಬಿಣ ಮತ್ತು ಗಂಧಕ ಸೇರಿದ ಗ್ರೈಗೈಟ್ ಅನ್ನುವ ಖನಿಜಗಳಿರುವ ಹಾಗೆ ಕಂಡಿತು.

ಇದರಲ್ಲಿ ಮೈ ಜುಮ್ಮೆನ್ನುವ ವಿಷಯ ಏನು ಅಂದರೆ, ಭೂಮಿಯಲ್ಲಿ ಕೆರೆ ತಳದ ಕೆಸರಿನಲ್ಲಿ, ಜೌಗು ಮಣ್ಣಿನಲ್ಲಿ, ಕೊಳೆಯುವ ಪದಾರ್ಥದ ಸುತ್ತ ಇವೇ ಖನಿಜಗಳು ಹುಟ್ಟುತ್ತವೆ. ನಾವು ಆಮ್ಲಜನಕ ಉಸಿರಾಡುವ ಹಾಗೆ ಕೆಲವು ಸೂಕ್ಷ್ಮಜೀವಿಗಳು ತುಕ್ಕನ್ನು, ಸಲ್ಫೇಟನ್ನು ಬಳಸಿ ಬದುಕುತ್ತವೆ. ಅವು ಇಂಗಾಲವನ್ನು ತಿಂದು, ತುಕ್ಕಿನ ಕೆಂಪನ್ನು ತೆಗೆದು, ಇಂತಹ ಖನಿಜಗಳನ್ನು ಬಿಟ್ಟು ಹೋಗುತ್ತವೆ. ಜೀವವಿಲ್ಲದೆಯೂ ಇವು ಆಗಬಹುದು. ಆದರೆ ಸಲ್ಫೇಟ್ ಹಾಗೆ ಬದಲಾಗಬೇಕಾದರೆ ಸಾಮಾನ್ಯವಾಗಿ ತುಂಬಾ ಬಿಸಿ ಬೇಕು. ಈ ಬಂಡೆ ಅಷ್ಟು ಬೆಂದ ಹಾಗೆ ಕಾಣುವುದಿಲ್ಲ. ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಜೋಯೆಲ್ ಹುರೋವಿಟ್ಸ್ ಮತ್ತು ಜೊತೆಗಾರರು ಇದನ್ನೆಲ್ಲ 2025ರ ಸೆಪ್ಟೆಂಬರ್ 10ರಂದು ನೇಚರ್ ಪತ್ರಿಕೆಯಲ್ಲಿ ಬರೆದರು. ಜೀವದ ಗುರುತು ಸಿಕ್ಕಿತು ಅಂತ ಅವರು ಹೇಳಲಿಲ್ಲ. ಜೀವದ ಗುರುತು ಇರಬಹುದು ಅಂತ ಹೇಳಿದರು. ಆ ಎಚ್ಚರಿಕೆ ನನಗೆ ತುಂಬಾ ಹಿಡಿಸಿತು.

ಈ 'ಇರಬಹುದು' ಮತ್ತು 'ಇತ್ತು' ನಡುವಿನ ದೂರ ಎಷ್ಟು ಅನ್ನುವುದೇ ನಾನು ಹೇಳಬೇಕಾಗಿರುವುದು. ಅದು ನಮ್ಮ ಭೂಮಿಯ ಕಲ್ಲುಗಳಲ್ಲೇ ಎಷ್ಟು ದೂರ ಅಂತ ಗೊತ್ತಿದ್ದವರಿಗೆ ಆ ಟ್ಯೂಬ್ ಯಾಕೆ ಬೇಕು ಅಂತ ಬೇರೆ ಹೇಳಬೇಕಾಗಿಲ್ಲ.

ನಮ್ಮ ಜಿಲ್ಲೆಯ ಭೀಮಸಮುದ್ರದ ಹತ್ತಿರ, ಶಿವಮೊಗ್ಗ ಜಿಲ್ಲೆಯ ಕುಂಸಿಯ ಹತ್ತಿರ, ತುಮಕೂರು ಜಿಲ್ಲೆಯ ದೊಡ್ಡಗುಣಿಯ ಹತ್ತಿರ ಹಳೆಯ ಸುಣ್ಣದ ಕಲ್ಲಿನಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳಿವೆ, ಅಂದರೆ ಸೂಕ್ಷ್ಮಜೀವಿಗಳು ಕಟ್ಟಿದ ಪದರ ಪದರದ ಕಲ್ಲುಗಳು. ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಆಗ ಇಲ್ಲಿ ಆಳವಿಲ್ಲದ ಸಮುದ್ರ ಇತ್ತು. ತಳದಲ್ಲಿ ಸೂಕ್ಷ್ಮಜೀವಿಗಳು ಲೋಳೆಯ ಚಾಪೆ ಹಾಸಿದ್ದವು. ಮೇಲೆ ಬಂದ ಸುಣ್ಣದ ಕಣಗಳು ಆ ಲೋಳೆಗೆ ಅಂಟುತ್ತಿದ್ದವು. ಬೆಳಕಿಗಾಗಿ ಜೀವಿಗಳು ಮೇಲೆ ಬಂದು ಮತ್ತೊಂದು ಚಾಪೆ ಹಾಸುತ್ತಿದ್ದವು. ಹೀಗೆ ಚಿರೋಟಿಯ ಹಾಗೆ ಪದರದ ಮೇಲೆ ಪದರ ಬೆಳೆಯಿತು. ಬಿಸಿಲಲ್ಲಿ ಒಣಗಿದ ಬಂಡೆಯ ಮೇಲೆ ಅದು ಸರಿಯಾಗಿ ಕಾಣುವುದಿಲ್ಲ. ಬಾಟಲಿಯ ನೀರು ಸ್ವಲ್ಪ ಸುರಿದರೆ ಗೆರೆಗಳು ಎದ್ದು ಬರುತ್ತವೆ. ಒಂದೊಂದು ಗೆರೆಯೂ ಮೇಲಕ್ಕೆ ಉಬ್ಬಿರುತ್ತದೆ, ಉಬ್ಬಿನ ತುದಿಯಲ್ಲಿ ದಪ್ಪ, ಇಳಿಜಾರಿನಲ್ಲಿ ತೆಳು.

ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗ ಪ್ರತಿ ಸಲವೂ ಯಾರಾದರೂ ಪಕ್ಕದ ಇನ್ನೊಂದು ಬಂಡೆ ತೋರಿಸಿ "ಸಾರ್, ಇದೂ ಅಲ್ವಾ?" ಅಂತ ಕೇಳುತ್ತಾರೆ. ಅದರಲ್ಲೂ ಪದರ ಇರುತ್ತದೆ, ಅದೂ ಬಾಗಿರುತ್ತದೆ. ಆದರೆ ಅದು ನೆಲದೊಳಗಿನ ಒತ್ತಡಕ್ಕೆ ಸಿಕ್ಕಿ ಮಡಚಿದ ಕಲ್ಲು. ಅದಕ್ಕೂ ಜೀವಕ್ಕೂ ಸಂಬಂಧವಿಲ್ಲ. ಹೇಗೆ ಹೇಳುತ್ತೀರಿ ಅಂದರೆ, ಅಷ್ಟು ಸುಲಭ ಅಲ್ಲ. ಒಂದು ತುಂಡು ಕತ್ತರಿಸಬೇಕು. ಗಾಜಿಗೆ ಅಂಟಿಸಿ, ಕೂದಲಿಗಿಂತ ತೆಳ್ಳಗೆ, ಅಂದರೆ 0.03 ಮಿಲಿಮೀಟರ್ ಆಗುವವರೆಗೆ ಉಜ್ಜಬೇಕು. ಬೆಳಕು ಕಲ್ಲಿನ ಒಳಗಿಂದ ಹಾಯಬೇಕು. ಆಗ ಮೈಕ್ರೋಸ್ಕೋಪಿನ ಕೆಳಗೆ ಕಣಕಣವೂ ಹೇಗೆ ಕೂತಿದೆ, ಯಾವುದು ಮೊದಲು ಬಂತು, ಯಾವುದು ಆಮೇಲೆ ಬಂತು ಅಂತ ಕಾಣುತ್ತದೆ. ಕಾಲೇಜಿನ ಲ್ಯಾಬಿನಲ್ಲೇ ಮಾಡಬಹುದಾದ ಕೆಲಸ ಇದು. ಮಂಗಳದ ಮೇಲಿರುವ ಸುಮಾರು ಒಂದು ಟನ್ ತೂಕದ, ಜಗತ್ತಿನ ಅತ್ಯುತ್ತಮ ರೋವರ್‌ಗೆ ಈ ಕೆಲಸ ಮಾಡಲು ಆಗುವುದಿಲ್ಲ.

ಗ್ರೀನ್‌ಲ್ಯಾಂಡಿನ ಇಸುವಾ ಕಲ್ಲುಗಳ ಜಗಳ ನಿಮಗೆ ನೆನಪಿರಬಹುದು. 2016ರಲ್ಲಿ ಭೂವಿಜ್ಞಾನಿ ಅಲೆನ್ ನಟ್‌ಮನ್ ಮತ್ತು ಸಂಗಡಿಗರು ಅಲ್ಲಿ 370 ಕೋಟಿ ವರ್ಷ ಹಳೆಯ ಸ್ಟ್ರೊಮ್ಯಾಟೊಲೈಟ್ ಸಿಕ್ಕಿದೆ ಅಂದರು. ಕೆಲವೇ ಸೆಂಟಿಮೀಟರ್ ಎತ್ತರದ ಕೋನಗಳು. ಜಗತ್ತಿನ ಅತಿ ಹಳೆಯ ಪಳೆಯುಳಿಕೆ ಅಂತ ಸುದ್ದಿಯಾಯಿತು. ಎರಡು ವರ್ಷ ಬಿಟ್ಟು ಇನ್ನೊಬ್ಬ ಭೂವಿಜ್ಞಾನಿ ಅಬಿಗೈಲ್ ಆಲ್‌ವುಡ್ ಅದೇ ಜಾಗಕ್ಕೆ ಹೋಗಿ, ಅದೇ ಕಲ್ಲನ್ನು ಬೇರೆ ಪಕ್ಕದಿಂದ ನೋಡಿದರು. ಒಂದು ಕಡೆಯಿಂದ ಕೋನದ ಹಾಗೆ ಕಂಡಿದ್ದು ಇನ್ನೊಂದು ಕಡೆಯಿಂದ ಉದ್ದಕ್ಕೆ ಎಳೆದ ಏಣು ಆಗಿತ್ತು. ಒತ್ತಡಕ್ಕೆ ಸಿಕ್ಕಿ ಕಲ್ಲು ಪಡೆದ ಆಕಾರ ಅದು, ಜೀವಿ ಕಟ್ಟಿದ್ದಲ್ಲ ಅಂತ ಅವರ ತಂಡ ಬರೆಯಿತು. ನಟ್‌ಮನ್ ಒಪ್ಪಲಿಲ್ಲ.

ಇದೇ ಆಲ್‌ವುಡ್ ಪಶ್ಚಿಮ ಆಸ್ಟ್ರೇಲಿಯಾದ ಸ್ಟ್ರೆಲ್ಲಿ ಪೂಲ್‌ನಲ್ಲಿರುವ 343 ಕೋಟಿ ವರ್ಷದ ಸ್ಟ್ರೊಮ್ಯಾಟೊಲೈಟ್‌ಗಳು ನಿಜಕ್ಕೂ ಜೀವಿಗಳದ್ದೇ ಅಂತ ಎತ್ತಿ ಹಿಡಿದವರು. ಪರ್ಸಿವರೆನ್ಸ್‌ನ ಕೈಯಲ್ಲಿರುವ ಪಿಕ್ಸಲ್ ಎಕ್ಸ್-ರೇ ಉಪಕರಣವನ್ನು ರೂಪಿಸಿದ ತಂಡದ ಮುಖ್ಯಸ್ಥೆಯೂ ಅವರೇ. ಅಂದರೆ ಹಳೆಯ ಕಲ್ಲಿನ ಬಗ್ಗೆ ಹೌದು ಅನ್ನುವುದಕ್ಕೂ ಅಲ್ಲ ಅನ್ನುವುದಕ್ಕೂ ಎಷ್ಟು ಕಷ್ಟ ಪಡಬೇಕು ಅಂತ ನಿಮ್ಮವರಿಗೇ ಚೆನ್ನಾಗಿ ಗೊತ್ತು.

ಅಲ್ಲೇ ಪಶ್ಚಿಮ ಆಸ್ಟ್ರೇಲಿಯಾದ ಏಪೆಕ್ಸ್ ಚರ್ಟ್ ಅನ್ನುವ ಹಳೆಯ ಕಲ್ಲಿನ ಕಥೆ ಇನ್ನೂ ಉದ್ದ. 1993ರಲ್ಲಿ ವಿಲಿಯಂ ಶಾಫ್ ಅದರಲ್ಲಿ ಸೂಕ್ಷ್ಮಜೀವಿಗಳ ಪಳೆಯುಳಿಕೆ ಇದೆ ಅಂದರು. ಪಠ್ಯಪುಸ್ತಕಗಳಲ್ಲಿ ಚಿತ್ರ ಬಂತು. 2002ರಲ್ಲಿ ಮಾರ್ಟಿನ್ ಬ್ರೇಸಿಯರ್ ಅದು ಬರೀ ಖನಿಜದ ಆಟ ಅಂದರು. ಎರಡೂ ಕಡೆಯವರು ಮತ್ತೆ ಮತ್ತೆ ಅದೇ ಕಲ್ಲನ್ನು ಹೊಸ ಹೊಸ ಉಪಕರಣಗಳ ಕೆಳಗೆ ಇಟ್ಟರು. ಜಗಳ ಮುಂದುವರಿದದ್ದು ಕಲ್ಲು ಕೈಯಲ್ಲಿ ಇತ್ತು ಅನ್ನುವ ಕಾರಣಕ್ಕೆ. ಅದೇ ಜಗಳದಿಂದ ಹಳೆಯ ಜೀವವನ್ನು ಗುರುತಿಸುವ ವಿದ್ಯೆಯೂ ಬೆಳೆಯಿತು.

ಕಲ್ಲು ಕೈಯಲ್ಲಿ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಿಮ್ಮ ವೈಕಿಂಗ್ ನೌಕೆಗಳೇ ಸಾಕ್ಷಿ. 1976ರಲ್ಲಿ ಎರಡು ವೈಕಿಂಗ್‌ಗಳು ಮಂಗಳದ ಮೇಲೆ ಇಳಿದವು. ಗಿಲ್ಬರ್ಟ್ ಲೆವಿನ್ ಅವರ ಪ್ರಯೋಗದಲ್ಲಿ ಮಣ್ಣಿಗೆ ಪೋಷಕ ದ್ರವ ಹಾಕಿದ ಕೂಡಲೇ ಅನಿಲ ಹೊರಬಂತು. ಜೀವ ಇದೆ ಅಂತ ಲೆವಿನ್ ಕೊನೆಯವರೆಗೂ ಹೇಳಿದರು. ಆದರೆ ಮಣ್ಣನ್ನು ಕಾಯಿಸಿ ನೋಡಿದ ಇನ್ನೊಂದು ಉಪಕರಣಕ್ಕೆ ಅಲ್ಲಿನ ಇಂಗಾಲದ ಸಂಯುಕ್ತ ಸಿಗಲಿಲ್ಲ. ಸಿಕ್ಕಿದ್ದು ಕ್ಲೋರಿನ್ ಸೇರಿದ ಒಂದೆರಡು ಪದಾರ್ಥ. ಅವು ಭೂಮಿಯಿಂದಲೇ ಹೋದ ಕೊಳೆ ಅಂದುಕೊಂಡರು. ಜೀವ ಇಲ್ಲ ಅನ್ನುವ ತೀರ್ಪು ನಿಂತುಬಿಟ್ಟಿತು. 2008ರಲ್ಲಿ ಫೀನಿಕ್ಸ್ ನೌಕೆ ಮಂಗಳದ ಮಣ್ಣಿನಲ್ಲಿ ಪರ್ಕ್ಲೋರೇಟ್, ಅಂದರೆ ಕ್ಲೋರಿನ್ ಮತ್ತು ಆಮ್ಲಜನಕ ಸೇರಿದ ಲವಣ, ಇದೆ ಅಂತ ಕಂಡುಹಿಡಿಯಿತು. ಪರ್ಕ್ಲೋರೇಟ್ ಇರುವ ಮಣ್ಣನ್ನು ಕಾಯಿಸಿದರೆ ಇಂಗಾಲದ ಸಂಯುಕ್ತಗಳು ಸುಟ್ಟು ಕ್ಲೋರಿನ್ ಪದಾರ್ಥಗಳೇ ಹೊರಬರುತ್ತವೆ. ಹಾಗಾದರೆ 1976ರಲ್ಲಿ ಉಪಕರಣವೇ ಹುಡುಕುತ್ತಿದ್ದುದನ್ನು ಸುಟ್ಟು ಹಾಕಿತಾ? ಕೇಳುವುದಕ್ಕೆ ಆ ಮಣ್ಣು ಯಾರ ಹತ್ತಿರವೂ ಇಲ್ಲ. ಒಂದು ಪ್ರಯೋಗದ ಅನುಮಾನ 32 ವರ್ಷ ಹಾಗೇ ಕೂತಿತ್ತು. ಅದೇ ಮಣ್ಣು ಒಂದು ಚಮಚ ಭೂಮಿಯಲ್ಲಿ ಇದ್ದಿದ್ದರೆ ಅದು ಬೇಗನೇ ಬಗೆಹರಿಯುತ್ತಿತ್ತು.

ಇನ್ನೊಂದು ಕಡೆ ಎಎಲ್‌ಎಚ್84001 ಅನ್ನುವ ಉಲ್ಕಾಶಿಲೆ ನೋಡಿ. 1984ರಲ್ಲಿ ಅಂಟಾರ್ಕ್ಟಿಕದ ಹಿಮದ ಮೇಲೆ ಸಿಕ್ಕಿದ್ದು. ತೂಕ 2 ಕಿಲೋಗಿಂತ ತುಸು ಕಡಿಮೆ. 400 ಕೋಟಿ ವರ್ಷಕ್ಕೂ ಹಳೆಯ ಮಂಗಳದ ಕಲ್ಲು. 1996ರಲ್ಲಿ ಡೇವಿಡ್ ಮೆಕೇ ಮತ್ತು ತಂಡ ಅದರಲ್ಲಿ ಜೀವದ ಕುರುಹು ಇದೆ ಅಂದಾಗ ಅಧ್ಯಕ್ಷ ಕ್ಲಿಂಟನ್ ಅವರೇ ಜಗತ್ತಿಗೆ ಹೇಳಿದರು. ಹುಳುವಿನ ಹಾಗೆ ಕಂಡ ಆ ಅತಿ ಚಿಕ್ಕ ಆಕಾರಗಳ ಚಿತ್ರ ನಮ್ಮ ಪತ್ರಿಕೆಗಳಲ್ಲೂ ಬಂದಿತ್ತು. ಆಮೇಲೆ ಒಂದೊಂದೇ ವಾದವನ್ನು ಬೇರೆ ಬೇರೆ ಲ್ಯಾಬಿನವರು ಪರೀಕ್ಷೆಗೆ ಒಡ್ಡಿದರು. 2022ರಲ್ಲಿ ಆಂಡ್ರ್ಯೂ ಸ್ಟೀಲ್ ಮತ್ತು ಸಂಗಡಿಗರು ಅದರಲ್ಲಿರುವ ಇಂಗಾಲದ ಸಂಯುಕ್ತಗಳು ನೀರು ಮತ್ತು ಕಲ್ಲಿನ ನಡುವಿನ ಕ್ರಿಯೆಯಿಂದಲೇ ಹುಟ್ಟಬಹುದು ಅಂತ ತೋರಿಸಿದರು. ಜೀವ ಸಿಗಲಿಲ್ಲ, ನಿಜ. ಆದರೆ ಒಂದು ದೊಡ್ಡ ಹೇಳಿಕೆಯನ್ನು ಹೇಗೆ ಒರೆಗೆ ಹಚ್ಚಬೇಕು ಅನ್ನುವುದನ್ನು ಇಡೀ ಜಗತ್ತು ಆ ಕಲ್ಲಿನಿಂದ ಕಲಿಯಿತು. ಜೀವದ ಗುರುತನ್ನು ಒಪ್ಪಬೇಕಾದರೆ ಏಳು ಮೆಟ್ಟಿಲು ಹತ್ತಬೇಕು ಅಂತ ನಿಮ್ಮ ವಿಜ್ಞಾನಿಗಳೇ ಅಳತೆಗೋಲು ಮಾಡಿದ್ದಾರೆ. ಚೆಯಾವಾ ಫಾಲ್ಸ್ ಈಗ ಮೊದಲ ಮೆಟ್ಟಿಲ ಹತ್ತಿರ ನಿಂತಿದೆ. ಮೇಲಿನ ಮೆಟ್ಟಿಲುಗಳು ಇರುವುದು ಭೂಮಿಯ ಲ್ಯಾಬುಗಳಲ್ಲಿ.

ಆ ಲ್ಯಾಬುಗಳಲ್ಲಿ ಏನು ಮಾಡಬಹುದು? ಒಂದನ್ನು ಮಾತ್ರ ಹೇಳುತ್ತೇನೆ. ಗಂಧಕದಲ್ಲಿ ಹಗುರ ಮತ್ತು ಭಾರದ ಪರಮಾಣುಗಳಿವೆ. ಸಲ್ಫೇಟ್ ಬಳಸಿ ಬದುಕುವ ಸೂಕ್ಷ್ಮಜೀವಿಗಳು ಹಗುರವಾದುದನ್ನೇ ಹೆಚ್ಚು ಆರಿಸಿಕೊಳ್ಳುತ್ತವೆ. ಅವು ಬಿಟ್ಟ ಖನಿಜದಲ್ಲಿ ಆ ಲೆಕ್ಕ ಉಳಿದಿರುತ್ತದೆ. ಗ್ರೈಗೈಟಿನ ಒಂದು ಕಣ ಸಿಕ್ಕರೂ ಸಾಕು, ಅದರ ಗಂಧಕವನ್ನು ಅಳೆದು, ಪಕ್ಕದ ಸಲ್ಫೇಟಿನ ಜೊತೆ ಹೋಲಿಸಿ ನೋಡಬಹುದು. ಕಬ್ಬಿಣಕ್ಕೂ ಇಂಗಾಲಕ್ಕೂ ಹೀಗೇ. ಮಚ್ಚೆಯ ಒಳಗೆ ಏನಾದರೂ ಆಕಾರ ಉಳಿದಿದೆಯಾ ಅಂತ ಸಿಂಕ್ರೊಟ್ರಾನ್ ಅನ್ನುವ ದೊಡ್ಡ ಯಂತ್ರದ ಪ್ರಖರ ಎಕ್ಸ್-ರೇ ಕಿರಣದಲ್ಲಿ ನೋಡಬಹುದು. ನಮ್ಮ ಇಂದೋರಿನಲ್ಲಿರುವ ಇಂಡಸ್-2 ಸಿಂಕ್ರೊಟ್ರಾನಿನ ಉಂಗುರದ ಸುತ್ತಳತೆಯೇ 172.5 ಮೀಟರ್. ಅಂಥದ್ದನ್ನು ಯಾವ ರಾಕೆಟ್ಟಿನಲ್ಲಿ ಮಂಗಳಕ್ಕೆ ಕಳಿಸುತ್ತೀರಿ? ಕಲ್ಲನ್ನೇ ಇಲ್ಲಿಗೆ ತರಬೇಕು.

ತಂದ ಮೇಲೂ ಕೆಲಸ ಒಂದೇ ತಲೆಮಾರಿಗೆ ಮುಗಿಯುವುದಿಲ್ಲ. ಅಪೋಲೋ ಯಾತ್ರಿಗಳು 382 ಕಿಲೋ ಚಂದ್ರನ ಕಲ್ಲು, ಮಣ್ಣು ತಂದರು. ಆ ಮಣ್ಣಿನಲ್ಲಿದ್ದ ಗಾಜಿನ ಮಣಿಗಳಲ್ಲಿ ನೀರಿನ ಅಂಶ ಇದೆ ಅಂತ ಗೊತ್ತಾಗಿದ್ದು 2008ರಲ್ಲಿ. ಅಪೋಲೋ 17ರಲ್ಲಿ ಮುಚ್ಚಿ ತಂದ ಒಂದು ಟ್ಯೂಬನ್ನು ನೀವು ತೆರೆದಿದ್ದು 2022ರಲ್ಲಿ, ಹೊಸ ಉಪಕರಣ ಬರಲಿ ಅಂತ ಕಾದು. 1972ರಲ್ಲಿ ಹಾಗೆ ಯೋಚನೆ ಮಾಡಿದ್ದು ಎಂಥ ದೊಡ್ಡ ಮನಸ್ಸು! ಆ ಮನಸ್ಸು ಈಗಲೂ ಬೇಕು.

ಜನ ಎತ್ತುವ ಪ್ರಶ್ನೆಗಳು ನನಗೂ ಗೊತ್ತು. ಮಂಗಳದ ಉಲ್ಕಾಶಿಲೆಗಳು ಪುಕ್ಕಟೆ ಬೀಳುತ್ತವಲ್ಲ, ಅವು ಸಾಲದೇ ಅಂತ ಕೇಳುತ್ತಾರೆ. ಬಿಹಾರದ ಶೇರ್‌ಘಾಟಿಯಲ್ಲಿ 1865ರ ಆಗಸ್ಟ್ 25ರಂದು ಬಿದ್ದ ಕಲ್ಲು ಮಂಗಳದ್ದೇ. ಆ ಊರಿನ ಹೆಸರಿನಿಂದಲೇ ಮಂಗಳದ ಒಂದು ಜಾತಿಯ ಉಲ್ಕಾಶಿಲೆಗಳಿಗೆ ಶೆರ್ಗೊಟೈಟ್ ಅನ್ನುವ ಹೆಸರು ಬಂತು. ಆದರೆ ಹೀಗೆ ಬರುವ ಬಹುತೇಕ ಎಲ್ಲವೂ ಲಾವಾ ಅಥವಾ ಶಿಲಾಪಾಕ ಆರಿ ಗಟ್ಟಿಯಾದ ಅಗ್ನಿಶಿಲೆಗಳು. ದೊಡ್ಡ ಡಿಕ್ಕಿಗೆ ಸಿಕ್ಕಿ ಚಿಮ್ಮಿ, ಲಕ್ಷಾಂತರ ವರ್ಷ ಬಾಹ್ಯಾಕಾಶದಲ್ಲಿ ಅಲೆದು, ಬೆಂಕಿಯಲ್ಲಿ ಇಳಿದು ಬರಲು ಅಷ್ಟು ಗಟ್ಟಿ ಇರಲೇಬೇಕು. ಕೆರೆ ತಳದ ಜೇಡಿಗಲ್ಲು ಆ ಏಟಿಗೆ ಪುಡಿಯಾಗಿ ಹೋಗುತ್ತದೆ. ನಮಗೆ ಬೇಕಾಗಿರುವುದು ಆ ಜೇಡಿಗಲ್ಲೇ. ಮೇಲಾಗಿ ಉಲ್ಕಾಶಿಲೆ ಮಂಗಳದ ಯಾವ ಜಾಗದಿಂದ ಬಂತು ಅಂತ ಸರಿಯಾಗಿ ಗೊತ್ತಾಗುವುದಿಲ್ಲ. ಸಫೈರ್ ಕ್ಯಾನ್ಯನ್ ಯಾವ ಕಣಿವೆಯ ಯಾವ ಬಂಡೆಯ ಯಾವ ಜಾಗದ್ದು ಅಂತ ಫೋಟೋ ಸಮೇತ ಗೊತ್ತು. ಭೂವಿಜ್ಞಾನದಲ್ಲಿ ಎಲ್ಲಿಯದು ಅಂತ ಗೊತ್ತಿಲ್ಲದ ಕಲ್ಲಿಗೆ ಅರ್ಧ ಬೆಲೆಯೂ ಇಲ್ಲ.

ಮುಂದೆ ಮನುಷ್ಯರೇ ಹೋಗಿ ತರುತ್ತಾರೆ ಅನ್ನುವವರಿದ್ದಾರೆ. ಹೋಗಲಿ, ಸಂತೋಷ. ಆದರೆ ಮನುಷ್ಯ ಹೋದಲ್ಲಿ ಅವನ ಮೈಮೇಲಿನ, ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳೂ ಹೋಗುತ್ತವೆ. ಮಂಗಳದಲ್ಲಿ ಜೀವ ಇತ್ತಾ ಅನ್ನುವ ಪ್ರಶ್ನೆಯನ್ನು ನಾವು ಅಲ್ಲಿ ಕಾಲಿಡುವ ಮೊದಲು ಕೇಳುವುದು ಒಳ್ಳೆಯದು.

ಖರ್ಚಿನ ಮಾತು ನ್ಯಾಯವಾದದ್ದೇ. ಖರ್ಚು 1100 ಕೋಟಿ ಡಾಲರ್‌ಗೆ ಏರಿ, ಕಲ್ಲು ಬರುವುದು 2040ಕ್ಕೆ ಅಂದಾಗ 2024ರಲ್ಲಿ ನಾಸಾ ಮುಖ್ಯಸ್ಥರೇ ಇದು ಆಗದ ಮಾತು ಅಂದರು. ಮಂಗಳದ ನೆಲದಿಂದ ಇವತ್ತಿನವರೆಗೆ ಯಾರೂ ರಾಕೆಟ್ ಹಾರಿಸಿಲ್ಲ, ಆದ್ದರಿಂದ ಕೆಲಸ ಕಷ್ಟವೇ. ಆದರೆ 2025ರ ಜನವರಿಯಲ್ಲಿ ನೀವೇ 580 ಕೋಟಿಯಿಂದ 770 ಕೋಟಿ ಡಾಲರ್ ಒಳಗೆ ಮುಗಿಸುವ ಎರಡು ದಾರಿ ಮುಂದಿಟ್ಟಿರಿ. ಲಾಕ್‌ಹೀಡ್ ಮಾರ್ಟಿನ್ ಕಂಪನಿ 300 ಕೋಟಿಗಿಂತ ಕಡಿಮೆಗೆ ಮಾಡಿಕೊಡುತ್ತೇವೆ ಅಂದಿದೆ. ರಾಕೆಟ್ ಲ್ಯಾಬ್ 400 ಕೋಟಿಗಿಂತ ಕಡಿಮೆಗೆ ಅಂದಿದೆ. ಅವರ ಲೆಕ್ಕ ಸರಿಯೋ ತಪ್ಪೋ, ಕೂತು ತೂಗಿ ನೋಡಿ. ದುಬಾರಿ ಅನ್ನುವುದು ದಾರಿ ಬದಲಿಸಲು ಕಾರಣ ಆಗಬಹುದು. ಊರಿಗೆ ಹೋಗುವುದೇ ಬೇಡ ಅನ್ನಲು ಕಾರಣ ಆಗಬಾರದು. ಆ ಕಲ್ಲನ್ನು ಹುಡುಕಲು ಕಳಿಸಿದ ರೋವರ್ ಯೋಜನೆಗೇ ಸುಮಾರು 270 ಕೋಟಿ ಡಾಲರ್ ಖರ್ಚಾಗಿದೆ ಅಲ್ವಾ?

ಚೀನಾ ತರುತ್ತದೆ ಅನ್ನುವ ಮಾತೂ ಇದೆ. 2028ರ ಸುಮಾರಿಗೆ ತಿಯಾನ್‌ವೆನ್-3 ನೌಕೆ ಹಾರಿಸಿ, 2031ರ ಹೊತ್ತಿಗೆ ಕನಿಷ್ಠ 500 ಗ್ರಾಂ ಮಂಗಳದ ಮಣ್ಣು, ಕಲ್ಲು ತರುವುದು ಅವರ ಗುರಿ. ಅವರಿಗೆ ಮನಸಾರೆ ಒಳ್ಳೆಯದಾಗಲಿ ಅನ್ನುತ್ತೇನೆ. ಯಾರು ಮೊದಲು ಅನ್ನುವುದು ನನಗೆ ಮುಖ್ಯ ಅಲ್ಲ. ಆದರೆ ಅವರು ತರುವುದು ಬೇರೆ ಜಾಗದ ಕಲ್ಲು. ಚಿರತೆ ಮಚ್ಚೆಯ ಕಲ್ಲು ಇರುವುದು ನಿಮ್ಮ ರೋವರ್ ಒಳಗೆ. ಅವರು ಒಂದು ಕಡೆಯಿಂದ, ನೀವು ಇನ್ನೊಂದು ಕಡೆಯಿಂದ ತಂದರೆ ಹೋಲಿಸಿ ನೋಡಲು ಎರಡು ಜಾಗದ ಕಲ್ಲು ಆಗುತ್ತದೆ.

ಇನ್ನು ಮಂಗಳದ ಕಲ್ಲು ಭೂಮಿಗೆ ಬಂದರೆ ರೋಗ ಬರುತ್ತದಾ ಅನ್ನುವ ಭಯ. ಅತಿ ಅಪಾಯದ ವೈರಸ್‌ಗಳನ್ನು ಇಡುವಷ್ಟೇ ಬಿಗಿಯಾದ ಲ್ಯಾಬಿನಲ್ಲಿ ಅದನ್ನು ತೆರೆಯಬೇಕು ಅನ್ನುವುದು ಮೊದಲಿನಿಂದಲೂ ನಿಮ್ಮ ಯೋಜನೆಯಲ್ಲೇ ಇದೆ. ಆ ವಿಷಯದಲ್ಲಿ ಒಂದಿಷ್ಟೂ ಸಡಿಲ ಬಿಡಬೇಡಿ.

ಈ ಭಯಗಳಿಗಿಂತ ನನಗೆ ಜಾಸ್ತಿ ಇರುವ ಭಯ ಬೇರೆ. 2023ರ ಜನವರಿ ಹೊತ್ತಿಗೆ ರೋವರ್ 10 ಟ್ಯೂಬ್‌ಗಳನ್ನು ತ್ರೀ ಫೋರ್ಕ್ಸ್ ಅನ್ನುವ ಸಮತಟ್ಟು ಜಾಗದಲ್ಲಿ ಇಟ್ಟು ಬಂತು. ರೋವರ್ ಕೆಟ್ಟರೂ ಅವನ್ನು ಎತ್ತಿಕೊಳ್ಳಬಹುದು. ಸಫೈರ್ ಕ್ಯಾನ್ಯನ್ ಅದರಲ್ಲಿ ಇಲ್ಲ. ಅದು ಆಮೇಲೆ ಸಿಕ್ಕಿದ್ದು, ರೋವರ್ ಒಳಗೇ ಇದೆ. ರೋವರ್ ಈಗಾಗಲೇ 40 ಕಿಲೋಮೀಟರ್ ಹತ್ತಿರ ಓಡಿದೆ. ಗಟ್ಟಿ ಯಂತ್ರ, ಒಪ್ಪುತ್ತೇನೆ. ಆದರೆ ಸ್ಪಿರಿಟ್ ರೋವರ್ 2009ರಲ್ಲಿ ಮರಳಿನಲ್ಲಿ ಸಿಕ್ಕಿಕೊಂಡಿದ್ದು, ಆಪರ್ಚುನಿಟಿ 2018ರ ಧೂಳಿನ ಬಿರುಗಾಳಿಯಲ್ಲಿ ಮಾತು ನಿಲ್ಲಿಸಿದ್ದು ನಿಮಗೆ ನೆನಪಿದೆ. ಪರ್ಸಿವರೆನ್ಸ್ ಎಲ್ಲೋ ಕಡಿದಾದ ಇಳಿಜಾರಿನಲ್ಲಿ ನಿಂತುಹೋದರೆ ಅದರ ಹೊಟ್ಟೆಯೊಳಗಿನ ಟ್ಯೂಬನ್ನು ತೆಗೆಯುವವರು ಯಾರು?

ಆದ್ದರಿಂದ ನಾಸಾದವರಲ್ಲಿ ಮೊದಲ ಬೇಡಿಕೆ, ದುಡ್ಡೇ ಬೇಡದ ಬೇಡಿಕೆ. ಯೋಜನೆ ಮುಂದೆ ಏನೇ ಆಗಲಿ, ರೋವರ್ ಗಟ್ಟಿಮುಟ್ಟಾಗಿ ಇರುವಾಗಲೇ ಸಫೈರ್ ಕ್ಯಾನ್ಯನ್ ಮತ್ತು ಅದರಷ್ಟೇ ಬೆಲೆಯುಳ್ಳ ಬೇರೆ ಟ್ಯೂಬ್‌ಗಳನ್ನು ನೌಕೆ ಇಳಿಯಬಲ್ಲ ಸಮತಟ್ಟು ಜಾಗದಲ್ಲಿ ಇಡಿಸಿ. ಜಾಗದ ನಕ್ಷೆಯನ್ನು ಎಲ್ಲ ದೇಶಗಳಿಗೂ ಸಿಗುವ ಹಾಗೆ ಮಾಡಿ.

ಸಂಸತ್ತಿನ ಸದಸ್ಯರಲ್ಲಿ ಬೇಡಿಕೆ, ಮುಂದಿನ ಬಜೆಟ್ಟಿನಲ್ಲಿ ಈ ಮಾದರಿಗಳನ್ನು ತರುವ ಕೆಲಸಕ್ಕೆ ಹೆಸರು ಹೇಳಿ ಹಣ ಇಡಿ. 'ಮುಂದಿನ ಯೋಜನೆಗಳು' ಅನ್ನುವ ಸಾಮಾನ್ಯ ಮಾತಿನಲ್ಲಿ ಅದು ಕಳೆದುಹೋಗುತ್ತದೆ. ಮಂಗಳದ ರೋವರ್‌ಗಳನ್ನು ಕಟ್ಟಿದ, ಪ್ಯಾಸಡೀನಾದ ಜೆಪಿಎಲ್ ಪ್ರಯೋಗಾಲಯದಲ್ಲಿ 2024ರ ಫೆಬ್ರವರಿಯಲ್ಲಿ ಸುಮಾರು 530 ಜನ, 2025ರ ಅಕ್ಟೋಬರಿನಲ್ಲಿ ಸುಮಾರು 550 ಜನ ಕೆಲಸ ಕಳೆದುಕೊಂಡರು. ಮಂಗಳದ ಮೇಲೆ ಇಳಿಸುವ ವಿದ್ಯೆ ಗೊತ್ತಿರುವ ಕೈಗಳು ಜಗತ್ತಿನಲ್ಲಿ ಬಹಳ ಇಲ್ಲ. ಅವರು ಚದುರಿ ಹೋದ ಮೇಲೆ ಹಣ ಕೊಟ್ಟರೂ ಕೆಲಸ ಮತ್ತೆ ಮೊದಲಿಂದ ಶುರುವಾಗುತ್ತದೆ.

ಅಮೆರಿಕದಲ್ಲಿ ನೆಲೆಸಿ ಅಲ್ಲಿ ಮತ ಹಾಕುವ ಕನ್ನಡಿಗರಲ್ಲೂ ಒಂದು ಮಾತು. ನಿಮ್ಮ ಕ್ಷೇತ್ರದ ಪ್ರತಿನಿಧಿಗೆ, ನಿಮ್ಮ ರಾಜ್ಯದ ಇಬ್ಬರು ಸೆನೆಟರ್‌ಗಳಿಗೆ ನಾಲ್ಕು ಸಾಲು ಬರೆಯಿರಿ. ಫೋನ್ ಮಾಡಿದರೆ ಇನ್ನೂ ಒಳ್ಳೆಯದು. ಬಜೆಟ್ ಚರ್ಚೆ ನಡೆಯುವ ಹೊತ್ತಿನಲ್ಲಿ ಮತದಾರರ ಮಾತಿಗೆ ಬೆಲೆ ಇರುತ್ತದೆ. ಸುಮ್ನೆ ಕೂತರೆ ಈ ವಿಷಯ ಯಾರಿಗೂ ಬೇಕಿಲ್ಲ ಅಂತ ಅವರು ಅಂದುಕೊಳ್ಳುತ್ತಾರೆ.

ಕೊನೆಗೆ ನಮ್ಮ ಇಸ್ರೋದವರಲ್ಲಿ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಮೊದಲ ಯತ್ನದಲ್ಲೇ ಮಂಗಳದ ಕಕ್ಷೆ ಸೇರಿದ ಬೆಳಗ್ಗೆ ನಮ್ಮ ಮಕ್ಕಳು ಕುಣಿದಾಡಿದ್ದರು. ಆಮೇಲೆ ಬೆಂಗಳೂರಿನ ಹತ್ತಿರದ ನಮ್ಮ ಬ್ಯಾಲಾಳಿನ ಆಂಟೆನಾವೂ ಅದರ ದನಿ ಕೇಳುತ್ತಿತ್ತು. 2025ರ ಜನವರಿಯಲ್ಲಿ ನೀವು ಸ್ಪೇಡೆಕ್ಸ್‌ನ ಎರಡು ಉಪಗ್ರಹಗಳನ್ನು ಕಕ್ಷೆಯಲ್ಲಿ ಜೋಡಿಸಿದಿರಿ. ಚಂದ್ರನಿಂದ ಮಣ್ಣು ತರುವ ಚಂದ್ರಯಾನ-4ಕ್ಕೆ ಸರ್ಕಾರ 2104 ಕೋಟಿ ರೂಪಾಯಿ ಒಪ್ಪಿದೆ. ನೆಲದಿಂದ ಮೇಲೇರುವುದು, ಕಕ್ಷೆಯಲ್ಲಿ ಜೋಡಿಸಿಕೊಳ್ಳುವುದು, ಮಾದರಿಯನ್ನು ಸುರಕ್ಷಿತವಾಗಿ ಭೂಮಿಗೆ ಇಳಿಸುವುದು, ಮಂಗಳದ ಕೆಲಸಕ್ಕೂ ಬೇಕಾಗುವ ವಿದ್ಯೆಗಳೇ ಇವು. 2025ರ ಜುಲೈನಲ್ಲಿ ಹಾರಿದ ನಿಸಾರ್ ಉಪಗ್ರಹವನ್ನು ನೀವು ಮತ್ತು ನಾಸಾ ಸೇರಿಯೇ ಕಟ್ಟಿದಿರಿ. ಈ ಕೆಲಸದಲ್ಲೂ ಒಂದು ಪಾಲು ನಮಗೂ ಇರಲಿ ಅಂತ ನೀವಾಗಿಯೇ ಕೇಳಿ. ಬಂದ ಕಲ್ಲಿನ ಒಂದು ಕಣ ಪರೀಕ್ಷೆಗಾಗಿ ನಮ್ಮ ಲ್ಯಾಬುಗಳಿಗೂ ಬರಲಿ. ಅದನ್ನು ಪರೀಕ್ಷಿಸಬಲ್ಲ ಯುವಜನರನ್ನು ಈಗಿನಿಂದಲೇ ತಯಾರು ಮಾಡೋಣ. 250 ಕೋಟಿ ವರ್ಷದ ಜೀವದ ಗುರುತನ್ನು ಓದಲು ಕಲಿಯಬೇಕಾದರೆ ಅವರು ದೂರ ಹೋಗಬೇಕಾಗಿಲ್ಲ. ಭೀಮಸಮುದ್ರಕ್ಕೆ ಬಂದರೆ ಸಾಕು. ಜಾಗ ನಾನು ತೋರಿಸುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಭೂವಿಜ್ಞಾನದ ಒಬ್ಬ ಮೇಷ್ಟ್ರು
ಚಿತ್ರದುರ್ಗ ಜಿಲ್ಲೆ